ಊಟದ ಹೊತ್ತಿನ ರಿಪೋರ್ಟು

ಗುರುವಾರ, ಸಂಜೆ ಐದು ಗಂಟೆ. ಹಾಜರಿದ್ದವರು: ನಾನು, ನಾಲ್ಕನೇ ಕ್ಲಾಸಿನ ಮೊಮ್ಮಗಳು ಪಾವನಿ, ಮತ್ತು ಒಂದು ತಟ್ಟೆ ಚಿರೋಟಿ ರವೆ. ಹೀಗಲ್ಲದೆ ಬೇರೆ ರೀತಿಯಲ್ಲಿ ಮಾತು ಶುರು ಮಾಡಲು ನನಗೆ ಬರುವುದಿಲ್ಲ. ಕಂಟೋನ್ಮೆಂಟಿನ ಒಂದು ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ, ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ಡ್ಯೂಟಿ ಬದಲಾಗುವಾಗ ಒಂದೊಂದು ಹಾಸಿಗೆಯ ಪಕ್ಕದಲ್ಲೂ ನಿಂತು ಮುಂದಿನ ಪಾಳಿಯವರಿಗೆ ರಿಪೋರ್ಟು ಒಪ್ಪಿಸುವುದು ಅಲ್ಲಿನ ಪದ್ಧತಿ. ಜ್ವರ ಎಷ್ಟು, ಗಂಜಿ ಕುಡಿದರೋ ಚೆಲ್ಲಿದರೋ, ರಾತ್ರಿ ಎಷ್ಟು ಸಲ ಗೊಣಗಿದರು, ಎಲ್ಲ ಗಟ್ಟಿಯಾಗಿ. ಆ ಅಭ್ಯಾಸ ನನ್ನ ಜೊತೆ ಮರ್ಫಿ ಟೌನಿನ ಈ ಮನೆಗೂ ಬಂತು. ನಮ್ಮ ಯಜಮಾನರು ಇದ್ದಾಗ, "ನನ್ನನ್ನ ಯಾವಾಗ ಡಿಸ್ಚಾರ್ಜ್ ಮಾಡ್ತೀರಿ ಸಿಸ್ಟರ್?" ಎಂದು ಕೇಳುತ್ತಿದ್ದರು. ಕೊನೆಗೆ ನನ್ನ ಸಹಿಗೆ ಕಾಯದೆ ಅವರೇ ಹೊರಟುಹೋದರು.

ಪಾವನಿಗೆ ಡಿಸ್ಲೆಕ್ಸಿಯಾ ಇದೆ ಎಂದು ಗೊತ್ತಾದದ್ದು ಹೋದ ವರ್ಷ. ಕಥೆ ಹೇಳಿದರೆ ಒಂದೇ ಸಲಕ್ಕೆ ಕಲಿತು, ನಾನು ಮರೆತ ತುಂಡನ್ನೂ ಸೇರಿಸಿ ಒಪ್ಪಿಸುತ್ತಾಳೆ. ಪುಸ್ತಕ ತೆರೆದರೆ ಮಾತ್ರ ನಿನ್ನೆ ಓದಿದ ಪದವೂ ಇವತ್ತು ಹೊಸಬರ ಹಾಗೆ ಮುಖ ತಿರುಗಿಸುತ್ತದೆ. ಹೊರಮಾವಿನಲ್ಲಿ ಇಂಥ ಮಕ್ಕಳಿಗೆ ಕಲಿಸುವ ಮೇಡಂ ಒಬ್ಬರಿದ್ದಾರೆ. ಮನೆಯಲ್ಲಿ ಮಾಡಬೇಕಾದದ್ದನ್ನು ನನಗೆ ತೋರಿಸಿಕೊಟ್ಟರು. ತಟ್ಟೆಯಲ್ಲಿ ರವೆ ಹರಡಿ, ಬೆರಳಿನಿಂದ ಅಕ್ಷರ ಬರೆಯುತ್ತ ಅದರ ಸದ್ದನ್ನು ಬಾಯಲ್ಲಿ ಹೇಳಿಸಬೇಕು. ಸಾಲು ತಪ್ಪದಂತೆ ಕೆಳಗೊಂದು ರಟ್ಟಿನ ಪಟ್ಟಿ ಇಡಬೇಕು. ತಡವರಿಸಿದರೆ ಕಾಯಬೇಕು, ಸುಸ್ತಾಗುವ ಮೊದಲೇ ನಿಲ್ಲಿಸಬೇಕು. ಎಲ್ಲ ಕೇಳಿಕೊಂಡು ನಾನು, "ಎಷ್ಟು ದಿನಕ್ಕೆ ವಾಸಿ ಆಗತ್ತೆ ಮೇಡಂ?" ಎಂದೆ.

"ಇದು ಕಾಯಿಲೆ ಅಲ್ಲಮ್ಮ, ವಾಸಿ ಆಗಕ್ಕೆ. ಓದೋದು ಕಲೀತಾಳೆ, ಅವಳ ದಾರೀಲಿ. ಆದ್ರೆ ಇದು ಹೋಗಲ್ಲ. ಯಾವಾಗ್ಲೂ ಸ್ವಲ್ಪ ಕಷ್ಟ ಇರತ್ತೆ."

ಪಾವನಿ ಆಗ ಮೂಲೆಯಲ್ಲಿ ಕೂತು ಮಣಿ ಪೋಣಿಸುತ್ತಿದ್ದಳು. ನಮ್ಮ ಮಾತಿನ ಕಡೆ ಅವಳಿಗೆ ಗಮನವಿಲ್ಲ ಎಂದುಕೊಂಡೆ. ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯಾಚೆ ನೋಡುತ್ತ ಕೂತೆ. ಸತ್ತವರನ್ನು ನೋಡಿದ್ದೇನೆ, ಬದುಕಿ ಮನೆಗೆ ಹೋದವರನ್ನೂ ನೋಡಿದ್ದೇನೆ. ಡಿಸ್ಚಾರ್ಜೇ ಇಲ್ಲದ ವಾರ್ಡಿನಲ್ಲಿ ನಾನು ಕೆಲಸ ಮಾಡಿದವಳಲ್ಲ.

ಆದರೂ ಡ್ಯೂಟಿ ಡ್ಯೂಟಿಯೇ. ಸಂಜೆ ಐದಕ್ಕೆ ಸರಿಯಾಗಿ ರವೆ ತಟ್ಟೆ ಬರುತ್ತಿತ್ತು. "ಅತ್ತೆ, ಉಪ್ಪಿಟ್ಟಿಗೆ ಬೇರೆ ರವೆ ಇಟ್ಟಿದೀರಿ ತಾನೇ?" ಎಂದು ಸೊಸೆ ಶೈಲಾ ದಿನವೂ ಕೇಳುತ್ತಿದ್ದಳು. ಸುಸ್ತಾಗುವ ಮೊದಲು ನಿಲ್ಲಿಸುವ ವಿಷಯದಲ್ಲಿ ನನ್ನದೊಂದು ತೊಂದರೆ ಇದೆ, ನನಗೆ ಬೇಗ ಸುಸ್ತಾಗುವುದಿಲ್ಲ. ರಾತ್ರಿ ಮಗ ಆಫೀಸಿನಿಂದ ಬಂದು ಊಟಕ್ಕೆ ಕೂತ ಕೂಡಲೇ ರಿಪೋರ್ಟು. "ಒಂದು ಪುಟ ಓದಿದಾಳೆ. ತಡವರಿಸಿದ್ದು ಜಾಸ್ತಿ. ಒತ್ತಕ್ಷರದಲ್ಲಿ ನಿನ್ನೆಗಿಂತ ಸುಧಾರಣೆ ಇಲ್ಲ. ಹಾಲು ಕುಡಿದಿದಾಳೆ." ಮಗ ತಟ್ಟೆಯಿಂದ ತಲೆ ಎತ್ತದೆ "ಹ್ಞೂಂ" ಎನ್ನುತ್ತಿದ್ದ. ಶೈಲಾ ಒಮ್ಮೆ, "ಊಟದ ಹೊತ್ತಲ್ಲಿ ಬೇಡ ಅತ್ತೆ" ಎಂದಳು. "ಮುಚ್ಚಿಟ್ರೆ ಗಾಯ ಒಣಗತ್ತಾ?" ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಅಷ್ಟರಲ್ಲಿ ಪಾವನಿ ಗೋಡೆಗೆ ಒರಗಿ ಕಣ್ಣು ಮುಚ್ಚಿರುತ್ತಿದ್ದಳು. ಪಾಪ, ನಿದ್ದೆ ಎಂದುಕೊಳ್ಳುತ್ತಿದ್ದೆವು.

ಈ ಗುರುವಾರ ಬೆಳಗ್ಗೆ ಹೊರಮಾವಿನ ಮೇಡಂ ಫೋನ್ ಮಾಡಿದರು. ನಿಧಾನವಾಗಿಯಾದರೂ ಓದುತ್ತಿದ್ದ ಹುಡುಗಿ ಈಚೆಗೆ ಅವರ ಮುಂದೆಯೂ ಬಾಯಿ ಬಿಡುತ್ತಿಲ್ಲವಂತೆ. "ತಪ್ಪು ಓದಿದ್ರೆ ನಾನು ಏನಾದ್ರೂ ಮಾಡಬಹುದು. ಓದೋದನ್ನೇ ಬಿಟ್ಟುಬಿಟ್ರೆ ನನ್ನ ಕೈಯಲ್ಲೂ ಏನೂ ಇಲ್ಲ. ಮನೇಲಿ ಏನಾದ್ರೂ ಆಯ್ತಾ?" ಎಂದರು.

"ಏನೂ ಇಲ್ಲ ಮೇಡಂ. ಎಲ್ಲಾ ಟೈಮಿಗೆ ಸರಿಯಾಗಿ ನಡೀತಿದೆ" ಎಂದೆ.

ಸಂಜೆ ರವೆ ತಟ್ಟೆ ಇಟ್ಟೆ. ಪಾವನಿ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು.

"ಯಾಕೆ ಬರೆಯಲ್ಲ?"

"ಬರೆದ್ರೆ, ಓದಿದ್ರೆ, ನೀನು ಅಪ್ಪಂಗೆ ಹೇಳ್ತೀಯ. ಏನೂ ಮಾಡದೇ ಇದ್ರೆ ಹೇಳಕ್ಕೆ ಏನೂ ಇರಲ್ಲ."

"ನಾನು ಹೇಳೋ ಹೊತ್ತಿಗೆ ನೀನು ನಿದ್ದೆ ಹೋಗಿರ್ತೀಯಲ್ಲೇ."

"ಇಲ್ಲ. ಕಣ್ಣು ಮುಚ್ಕೊಂಡಿರ್ತೀನಿ, ಅಷ್ಟೇ."

ನಮ್ಮ ವಾರ್ಡಿನಲ್ಲೂ ರಿಪೋರ್ಟಿನ ಹೊತ್ತಿಗೆ ಎಲ್ಲರೂ ನಿದ್ದೆ ಮಾಡುತ್ತಿದ್ದರು. ಬೆಳಗಿನ ಜಾವದಿಂದ ಕಾಫಿಗಾಗಿ ಪೀಡಿಸಿದವರೂ ನಮ್ಮ ಚಪ್ಪಲಿ ಸದ್ದು ಹತ್ತಿರ ಬಂದರೆ ಕಣ್ಣು ಮುಚ್ಚುತ್ತಿದ್ದರು. ನಿಜವಾದ ನಿದ್ದೆಯ ರೆಪ್ಪೆ ಹೇಗಿರುತ್ತದೆ, ಸುಳ್ಳು ನಿದ್ದೆಯ ರೆಪ್ಪೆ ಹೇಗೆ ಅದುರುತ್ತದೆ ಎಂದು ಹೊಸದಾಗಿ ಸೇರಿದ ಹುಡುಗಿಯರಿಗೆ ತೋರಿಸಿಕೊಡುತ್ತಿದ್ದವಳು ನಾನೇ. ನಮ್ಮ ಮನೆಯ ಗೋಡೆಗೆ ಒರಗಿದ್ದವಳ ರೆಪ್ಪೆಗಳನ್ನು ಮಾತ್ರ ಬಗ್ಗಿ ನೋಡಿರಲಿಲ್ಲ.

"ಇವತ್ತು ಹೇಳಲ್ಲ," ಎಂದೆ.

"ನಾಳೆ?"

"ನಾಳೆನೂ ಇಲ್ಲ."

"ನಿಂಗೆ ಹೇಳದೆ ಇರಕ್ಕೆ ಬರತ್ತಾ?"

ಪ್ರಶ್ನೆ ಸರಿಯಾಗಿತ್ತು. ನಾನು ಗಡಿಯಾರ ನೋಡಿದೆ, ಸುಮ್ಮನಿರು ಎಂದು ನನಗೆ ನಾನೇ ಹೇಳಿಕೊಂಡೆ, ಮತ್ತೆ "ಒಂದೇ ಒಂದು ಅಕ್ಷರ" ಎಂದು ಬಾಯಿ ಹಾಕಿದೆ, ನಾಲಿಗೆ ಕಚ್ಚಿಕೊಂಡೆ. ಬಹಳ ಹೊತ್ತಾದ ಮೇಲೆ ಪಾವನಿ ಒಂದು ಕೈ ಹೊರಗೆ ತೆಗೆದು, ನನಗೆ ಬೆನ್ನು ಅಡ್ಡ ಮಾಡಿ ರವೆಯಲ್ಲಿ ಏನೋ ಬರೆದಳು. ನಾನು ಬಗ್ಗುವಷ್ಟರಲ್ಲಿ ಅಂಗೈಯಿಂದ ಅಳಿಸಿಬಿಟ್ಟಳು. ಏನು ಬರೆದೆ ಎಂದು ಕೇಳಲಿಲ್ಲ. ಪುಸ್ತಕ ಮುಚ್ಚಿಯೇ ಇತ್ತು.

ರಾತ್ರಿ ಊಟದಲ್ಲಿ ಮಗ ಅನ್ನ ಕಲಸುತ್ತ ಕಾದ. ಕಾದು ಕಾದು, "ಏನಮ್ಮಾ, ಇವತ್ತು ರಿಪೋರ್ಟ್ ಇಲ್ವಾ?" ಎಂದ. ನಾನು ತುತ್ತು ನುಂಗಿದೆ.

"ನಾನು ಹೇಳ್ತೀನಿ," ಎಂದಳು ಪಾವನಿ. ಕಣ್ಣು ತೆರೆದಿತ್ತು. "ಬೆಡ್ ನಂಬರ್ ಒಂದು, ಅಜ್ಜಿ. ಗಡಿಯಾರ ನೋಡಿದ್ದು ಜಾಸ್ತಿ. ಮಧ್ಯ ಬಾಯಿ ಹಾಕಿದ್ದು ಜಾಸ್ತಿ. ಸುಮ್ನೆ ಕೂರೋದ್ರಲ್ಲಿ ನಿನ್ನೆಗಿಂತ ಸ್ವಲ್ಪ ಸುಧಾರಣೆ. ಕಾಫಿ ಕುಡಿದಿದಾರೆ."

ಶೈಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗ ಎಷ್ಟೋ ದಿನದ ಮೇಲೆ ತಟ್ಟೆಯಿಂದ ತಲೆ ಎತ್ತಿ, "ಡಿಸ್ಚಾರ್ಜ್ ಯಾವಾಗ ಸಿಸ್ಟರ್?" ಎಂದು ಮಗಳನ್ನು ಕೇಳಿದ.

"ಇದು ಹೋಗಲ್ಲ ಅಪ್ಪಾ," ಎಂದಳು ಪಾವನಿ, ಹೊರಮಾವಿನ ಮೇಡಂ ಧ್ವನಿಯಲ್ಲೇ. "ಯಾವಾಗ್ಲೂ ಸ್ವಲ್ಪ ಕಷ್ಟ ಇರತ್ತೆ."

ಯಾರೂ ನಗಲಿಲ್ಲ. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೆ. "ಪಾಪ, ಅತ್ತೆಗೆ ನಿದ್ದೆ" ಎಂದು ಶೈಲಾ ಪಿಸುಗುಟ್ಟಿದ್ದು ಕೇಳಿಸಿತು. ಎಲ್ಲರೂ ಎದ್ದು ಹೋದ ಮೇಲೆ ರವೆಯನ್ನು ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿದೆ.