‘ಸೆಕೆಂಡ್ ಬೆಲ್’ ಪತ್ರಿಕೆಯಲ್ಲಿ ನನ್ನ ಒಂದು ವರ್ಷ

ಮಕ್ಕಳ ಕೈಗೆ ಪತ್ರಿಕೆ ಕೊಟ್ಟ ಮೇಲೂ ಏನೂ ಆಗದೆ ಕಳೆದುಹೋಗುವ ಶುಕ್ರವಾರ ಅಂತ ಒಂದು ಬಂದೇ ಬರುತ್ತದೆ ಎಂದು ನಾನು ಬಹಳ ದಿನ ಕಾದೆ. ಬರಲಿಲ್ಲ.

ನಾನು ಟೀಚರ್ ಅಲ್ಲ. ಇಂದಿರಾನಗರದ ಒಂದು ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕ್ಲೇಮ್ ಸೆಕ್ಷನ್ನಿನಲ್ಲಿದ್ದು ರಿಟೈರ್ ಆದವಳು. ಜನ ಹೇಗೆ ಸತ್ತರು, ಯಾವಾಗ ಸತ್ತರು, ನಿಜವಾಗಿಯೂ ಸತ್ತರೇ ಎಂದು ಕಾಗದದಲ್ಲಿ ನೋಡಿ ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ನಮ್ಮ ಸ್ಟಾಫ್ ಕಾಲೊನಿಯ ಹಿಂದಿನ ಗೇಟು ದಾಟಿದರೆ ಎದುರಿಗೇ ಒಂದು ಶಾಲೆ, ಹತ್ತನೇ ಕ್ಲಾಸಿನವರೆಗೆ. ವಿಮಾನಪುರಕ್ಕೂ ಸಿ.ವಿ. ರಾಮನ್ ನಗರಕ್ಕೂ ನಡುವೆ ಇದ್ದ ಒಂದು ಹಳ್ಳಿಯ ಶಾಲೆ ಅದು. ಹಳ್ಳಿ ಈಗಿಲ್ಲ, ಶಾಲೆ ಇದೆ. ಅಲ್ಲಿಯ ಹೆಡ್ ಮಿಸ್ ಬೆಳಿಗ್ಗೆ ನನ್ನ ಜೊತೆ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾರೆ. ಒಂದು ದಿನ ಮೂರನೇ ಸುತ್ತಿನಲ್ಲಿ ಕೇಳಿದರು:

“ಮೇಡಂ, ನಮ್ಮ ಮಕ್ಕಳು ಆನ್‌ಲೈನ್ ಪೇಪರ್ ಮಾಡ್ತಾರಂತೆ. ನೀವು ಸ್ವಲ್ಪ ನೋಡ್ಕೊಳ್ತೀರಾ?”

“ನನಗೆ ಪತ್ರಿಕೆ ಬಗ್ಗೆ ಏನೂ ಗೊತ್ತಿಲ್ಲವಲ್ಲ.”

“ಅದಕ್ಕೇ ಕೇಳ್ತಿರೋದು. ಗೊತ್ತಿರೋರು ಯಾರೂ ಒಪ್ಪಲಿಲ್ಲ.”

ಹೀಗೆ ನಾನು ಸಲಹೆಗಾರ್ತಿಯಾದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಸಂಪಾದಕಿ. ನಗುವುದು ಕಡಿಮೆ, ಕೇಳುವುದು ಜಾಸ್ತಿ. ಪ್ರತಿ ಶುಕ್ರವಾರ ಬರುವ ಪತ್ರಿಕೆಗೆ ‘ಸೆಕೆಂಡ್ ಬೆಲ್’ ಅಂತ ಹೆಸರಿಟ್ಟವಳೂ ಅವಳೇ. ಫಸ್ಟ್ ಬೆಲ್ ಯಾಕಲ್ಲ ಎಂದು ಕೇಳಿದೆ. “ಫಸ್ಟ್ ಬೆಲ್‌ಗೆ ಯಾರೂ ಬರಲ್ಲ ಮಿಸ್” ಅಂದಳು.

೧. ಸಂದೇಶ

ಮೊದಲ ಸಂಚಿಕೆಗೆ ಹೆಡ್ ಮಿಸ್ ಒಂದು ಪುಟದ ಸಂದೇಶ ಬರೆದು ಕಳಿಸಿದರು, ಎಲ್ಲಕ್ಕಿಂತ ಮೇಲೆ ಹಾಕಬೇಕು ಎಂಬ ಚೀಟಿಯ ಸಮೇತ. ಸಂಪಾದಕಿ ಅದನ್ನು ಎರಡು ಸಲ ಓದಿದಳು.

“ಮಿಸ್, ಇದರಲ್ಲಿ ಏನಾಯ್ತು?”

ಹಿಂದಿನ ವಾರವಷ್ಟೇ ನಾನು ಮಕ್ಕಳಿಗೆ ಪಾಠ ಮಾಡಿದ್ದೆ: ಆದದ್ದು ಸುದ್ದಿ, ಆಗದೆ ಇರುವುದು ಸುದ್ದಿಯಲ್ಲ.

“ಏನೂ ಆಗಿಲ್ಲಮ್ಮ. ಹಾರೈಸಿದ್ದಾರೆ.”

“ಹಾಗಾದ್ರೆ ಇದು ಸುದ್ದಿ ಅಲ್ಲ.”

“ಅಲ್ಲ. ಆದ್ರೂ ಹಾಕ್ಬೇಕು.”

ಅವಳು ಕೂತು ಟೈಪ್ ಮಾಡಿದಳು. ಶುಕ್ರವಾರ ಮೊದಲ ಪುಟದ ಮೊದಲ ಸುದ್ದಿ ಹೀಗಿತ್ತು: “ಹೆಡ್ ಮಿಸ್ ಒಂದು ಪುಟ ಬರೆದರು. ಬುಧವಾರ ಬೆಳಿಗ್ಗೆ ಹೆಡ್ ಮಿಸ್ ತಮ್ಮ ಕೊಠಡಿಯಲ್ಲಿ ಕುಳಿತು ಒಂದು ಪುಟ ಬರೆದರು. ಎಲ್ಲರಿಗೂ ಒಳ್ಳೆಯದಾಗಲಿ ಎಂದು ಅದರಲ್ಲಿದೆ. ಯಾರಿಗೂ ಪೆಟ್ಟಾಗಿಲ್ಲ.”

೨. ನಾಟಿ ಟೊಮೇಟೊ

ನಮ್ಮ ಮುಖ್ಯ ವರದಿಗಾರ ಎಂಟನೇ ಕ್ಲಾಸಿನವನು. ಹಲಸೂರಿನಿಂದ ಬಸ್ಸಿನಲ್ಲಿ ಬರುತ್ತಾನೆ. ಮನೆಯಲ್ಲಿ ತಮಿಳು, ಬಸ್ಸಿನಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಮೂರನ್ನೂ ಒಂದೇ ವೇಗದಲ್ಲಿ ಮಾತಾಡುತ್ತಾನೆ. ಟೈಪ್ ಮಾಡುವುದು ಮಾತ್ರ ಒಂದೊಂದೇ ಬೆರಳಲ್ಲಿ. ಹಾಗಾಗಿ ಫೋನಿಗೆ ಮಾತಾಡಿದರೆ ಅದೇ ಬರೆದುಕೊಳ್ಳುವ ಸೌಲಭ್ಯವನ್ನು ನಾನೇ ಅವನಿಗೆ ತೋರಿಸಿಕೊಟ್ಟೆ.

ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿ, ಶಾಲೆಗೆ ಜಾಗ ಕೊಟ್ಟ ಮನೆತನದ ಹಿರಿಯರು. ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದವರು. ಈಗ ಅದೇ ಹೊಲದಲ್ಲಿ ಎದ್ದಿರುವ ಮನೆಗಳಿಂದ ಬಾಡಿಗೆ ಬರುತ್ತದೆ. ಶಾಲೆಯ ಕಮಿಟಿಗೂ ಅವರೇ ಅಧ್ಯಕ್ಷರು. ಎಲ್ಲರೂ ಯಜಮಾನ್ರು ಎನ್ನುತ್ತಾರೆ. ಅವರ ಭಾಷಣವನ್ನು ನಮ್ಮ ವರದಿಗಾರ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಆಮೇಲೆ ರಸ್ತೆ ಕಡೆಯ ಕಿಟಕಿ ಪಕ್ಕ ಕೂತು ಫೋನಿಗೆ ಓದಿದ. ಅದೇ ಹೊತ್ತಿಗೆ ರಸ್ತೆಯಲ್ಲಿ ಮೈಕು ಕಟ್ಟಿಕೊಂಡ ತರಕಾರಿ ಗಾಡಿ ನಿಂತಿತ್ತು. ಫೋನು ಇಬ್ಬರ ಮಾತನ್ನೂ ಗೌರವದಿಂದ ಬರೆದುಕೊಂಡಿತು.

ಪ್ರಕಟಿಸುವ ಮೊದಲು ನಾನು ನೋಡಿದ್ದೆ. ಕಾಗುಣಿತ ಮಾತ್ರ ನೋಡಿದ್ದೆ. ಒಂದೂ ತಪ್ಪಿರಲಿಲ್ಲ.

“ಕನ್ನಡ ನಮ್ಮ ತಾಯಿ. ತಾಯಿಯನ್ನು ಮರೆತವನು ನಾಟಿ ಟೊಮೇಟೊ ಮೂರು ಕೆಜಿ ನೂರು ರೂಪಾಯಿ. ನಾಡಿಗಾಗಿ ದುಡಿದ ಹಿರಿಯರನ್ನು ನೆನೆಯೋಣ, ಬನ್ನಿ ಅಕ್ಕಾ ಚೀಲ ತನ್ನಿ ಎಂದು ಅವರು ಕರೆ ನೀಡಿದರು.”

ಶನಿವಾರ ಕ್ಷಮೆ ಕೇಳಲು ನಾನೇ ಅವರ ಮನೆಗೆ ಹೋದೆ. ಅವರು ಜಗುಲಿಯಲ್ಲಿ ಕೂತಿದ್ದರು.

“ತಪ್ಪಾಯ್ತು ಯಜಮಾನ್ರೇ. ಮಕ್ಕಳು.”

“ಕೂತ್ಕೊಳ್ಳಮ್ಮ. ಮೊದಲಿಂದಲೂ ಇದೇ ಭಾಷಣ ಮಾಡ್ಕೊಂಡ್ ಬಂದಿದ್ದೀನಿ. ಯಾರೂ ಒಂದ್ ಮಾತು ಕೇಳಿರ್ಲಿಲ್ಲ. ಇವತ್ತು ಬೆಳಿಗ್ಗೆಯಿಂದ ಹನ್ನೊಂದು ಫೋನು.”

“ಏನಂತಾರೆ?”

“ಎಲ್ಲಿ ಸಿಗುತ್ತೆ ಅಂತಾರೆ.”

೩. ಇನ್ನಿಲ್ಲ

ಒಂದು ಗೃಹಪ್ರವೇಶಕ್ಕೆಂದು ನಾನು ಎರಡು ದಿನ ಮೈಸೂರಿಗೆ ಹೋಗಿದ್ದೆ. ವಾಪಸು ಬರುವ ಬಸ್ಸಿನಲ್ಲಿ ಫೋನು ತೆಗೆದರೆ ಹೊಸ ಸಂಚಿಕೆ ಬಂದಿದೆ. ದಪ್ಪ ಅಕ್ಷರದಲ್ಲಿ: “ಡ್ರಾಯಿಂಗ್ ಮಾಸ್ಟರ್ ಇನ್ನಿಲ್ಲ.”

ಅಯ್ಯೋ ಅಂದುಕೊಂಡೆ. ಮೂವತ್ತೊಂದು ವರ್ಷದ ಅಭ್ಯಾಸ, ಅದರ ಹಿಂದೆಯೇ ನಾಮಿನಿ ಯಾರು ಎಂಬ ಯೋಚನೆಯೂ ಬಂತು. ಕೆಳಗೆ ಓದಿದೆ. “ನಮ್ಮೆಲ್ಲರ ಅಚ್ಚುಮೆಚ್ಚಿನ ಡ್ರಾಯಿಂಗ್ ಮಾಸ್ಟರ್ ಸೋಮವಾರದಿಂದ ಇನ್ನಿಲ್ಲ. ಮಕ್ಕಳು ಕಣ್ಣೀರಿಟ್ಟರು. ಅವರ ಪೀರಿಯಡ್ಡನ್ನು ಗಣಿತಕ್ಕೆ ಕೊಡಲಾಗಿದೆ. ಮಕ್ಕಳು ಮತ್ತೆ ಕಣ್ಣೀರಿಟ್ಟರು.”

ಅಷ್ಟರಲ್ಲಿ ಫೋನು ಬಂತು. ಡ್ರಾಯಿಂಗ್ ಮಾಸ್ಟರರದು.

“ಮೇಡಂ, ನಾನು.”

ನಾನು ನಂಬರನ್ನು ಇನ್ನೊಮ್ಮೆ ನೋಡಿದೆ. ಆಮೇಲೆ ಕೇಳಿದೆ, “ಎಲ್ಲಿಂದ ಮಾತಾಡ್ತಿದ್ದೀರಿ ಸರ್?”

“ಕೆ.ಆರ್. ಪುರಂನಿಂದ. ಇಲ್ಲಿಯ ಬ್ರಾಂಚ್ ಸ್ಕೂಲಿಗೆ ಹಾಕಿದ್ದಾರಲ್ಲ.”

“ಚೆನ್ನಾಗಿದ್ದೀರಾ?”

“ನಾನು ಚೆನ್ನಾಗಿದ್ದೀನಿ ಮೇಡಂ. ನಮ್ಮ ದೊಡ್ಡಪ್ಪ ಹಾರ ತಗೊಂಡು ಹೊರಟ್ಬಿಟ್ಟಿದ್ದಾರೆ. ಮಾರತ್ತಹಳ್ಳಿ ಹತ್ರ ಟ್ರಾಫಿಕ್‌ನಲ್ಲಿದ್ದಾರೆ. ಫೋನ್ ಮಾಡಿ ವಾಪಸ್ ಹೋಗಿ ಅಂದ್ರೆ ಯೂ ಟರ್ನ್ ಸಿಗ್ತಿಲ್ಲ ಅಂತಾರೆ.”

ತಪ್ಪಾದರೆ ತಿದ್ದುಪಡಿ ಹಾಕಬೇಕು, ಕೊನೆಗೆ ವಿಷಾದ ಹೇಳಬೇಕು ಎಂದು ನಾನು ಸಂಪಾದಕಿಗೆ ಫೋನಿನಲ್ಲೇ ವಿವರಿಸಿದೆ. ಅವಳು ತಕ್ಷಣ ಹಾಕಿದಳು: “ತಿದ್ದುಪಡಿ. ಇನ್ನಿಲ್ಲ ಎಂದು ವರದಿಯಾಗಿದ್ದ ಡ್ರಾಯಿಂಗ್ ಮಾಸ್ಟರ್ ಇದ್ದಾರೆ. ಓದುಗರಿಗಾದ ನಿರಾಸೆಗೆ ವಿಷಾದಿಸುತ್ತೇವೆ.”

೪. ಫೋನ್ ಆಫ್ ಮಾಡು

ಟೊಮೇಟೊ ಪ್ರಕರಣದ ನಂತರ ನಾನು ವರದಿಗಾರನಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ: ಅವರು ಏನು ಹೇಳುತ್ತಾರೋ ಅದನ್ನೇ ಬರಿ, ಒಂದಕ್ಷರ ಸೇರಿಸಬೇಡ, ಒಂದಕ್ಷರ ಬಿಡಬೇಡ. ಅವನು ಶಾಲೆಯ ಆಯಾ ಅವರ ಸಂದರ್ಶನ ಮಾಡಿದ. ಪ್ರಕಟವಾದದ್ದು ಹೀಗೆ:

“ಪ್ರಶ್ನೆ: ನಿಮಗೆ ಇಷ್ಟವಾದ ಟೀಚರ್ ಯಾರು?

ಉತ್ತರ: ಎಲ್ರೂ ಇಷ್ಟನೇ ಕಣಪ್ಪ. ಫೋನ್ ಆಫ್ ಮಾಡು, ಹೇಳ್ತೀನಿ.

ಫೋನ್ ಆಫ್ ಮಾಡಲಾಯಿತು. ಮುಂದಿನದನ್ನು ಪೆನ್ನಿನಲ್ಲಿ ಬರೆದುಕೊಳ್ಳಲಾಯಿತು.”

ಮುಂದಿನದರಲ್ಲಿ ಮೂವರ ಹೆಸರಿತ್ತು. ಶಾಲೆಯಲ್ಲಿರುವ ಟೀಚರ್‌ಗಳು ಹದಿನಾಲ್ಕು ಜನ. ಆಯಾ ಬಹಳ ನೊಂದುಕೊಳ್ಳುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಹಾಗೇನೂ ಮಾಡಲಿಲ್ಲ. ಗುಟ್ಟು ಹೇಗೂ ಹೊರಗೆ ಬಿತ್ತಲ್ಲ ಎಂದು ಮಾರನೆಯ ದಿನದಿಂದ ಆ ಮೂವರಿಗೆ ಎಲ್ಲರೆದುರಿಗೇ ಎರಡೆರಡು ಸಲ ಟೀ ಕೊಡತೊಡಗಿದರು.

ಹನ್ನೊಂದು ಜನ ಹೆಡ್ ಮಿಸ್ ಹತ್ತಿರ ಹೋದರು. ಇನ್ನು ಮುಂದೆ ತಮ್ಮ ಸಹಿ ಇಲ್ಲದೆ ಒಂದು ಸಾಲೂ ಪ್ರಕಟವಾಗಕೂಡದು ಎಂದು ಹೆಡ್ ಮಿಸ್ ಆದೇಶ ಹೊರಡಿಸಿದರು.

೫. ಐರ್ಲೆಂಡ್

ಪತ್ರಿಕೆಯನ್ನು ಯಾವ ಊರಿನಿಂದ ಎಷ್ಟು ಜನ ನೋಡಿದರು ಎಂದು ತೋರಿಸುವ ಪುಟವೊಂದಿದೆ. ಬೆಂಗಳೂರಿನಿಂದ ಕೆಲವು ದಿನ ಇಪ್ಪತ್ತು ಜನ, ಕೆಲವು ದಿನ ಮೂರು ಜನ. ಆದರೆ ಐರ್ಲೆಂಡಿನಿಂದ ಒಬ್ಬರು ಮಾತ್ರ ದಿನಾ ತಪ್ಪದೆ ಬರುತ್ತಿದ್ದರು. ಭಾನುವಾರವೂ ಬರುತ್ತಿದ್ದರು. ಎಲ್ಲ ಪುಟ ನೋಡುತ್ತಿದ್ದರು, ತಿದ್ದುಪಡಿ ಸಹಿತ.

ಮಕ್ಕಳು ಅಟ್ಲಾಸ್ ತೆಗೆದು ಐರ್ಲೆಂಡ್ ಹುಡುಕಿದರು. “ದೂರದ ಓದುಗರೇ, ಊಟ ಆಯಿತೇ? ನಿಮ್ಮಲ್ಲಿ ಮಳೆಯೇ?” ಎಂದು ಪತ್ರಿಕೆಯಲ್ಲೇ ಒಂದು ಓಲೆ ಬರೆದರು. ಉತ್ತರ ಬರಲಿಲ್ಲ. ಹದಿನೈದು ದಿನ ಕಾದು ಕೊನೆಗೆ ಕಂಪ್ಯೂಟರ್ ಮಿಸ್ ಹತ್ತಿರ ಕೇಳಿದರು. ಅವರು ನೋಡಿ, ಅದು ಮನುಷ್ಯರಲ್ಲ, ಇಂಟರ್ನೆಟ್ಟಿನ ಪುಟಗಳನ್ನೆಲ್ಲ ಓದಿ ಪಟ್ಟಿ ಮಾಡುವ ಯಂತ್ರ ಎಂದರು.

ಮಕ್ಕಳ ಮುಖ ಸಣ್ಣಗಾಯಿತು. ಸಂಪಾದಕಿಯೇ ಸಮಾಧಾನ ಹೇಳಿದಳು:

“ಪರವಾಗಿಲ್ಲ ಮಿಸ್. ದಿನಾ ಓದುತ್ತಲ್ಲ. ನಮ್ಮಮ್ಮ ಓದಲ್ಲ.”

೬. ಪಾಸಿಟಿವ್

ಜನವರಿಯಲ್ಲಿ ಸಂಪಾದಕಿ ಒಂದು ಸುದ್ದಿ ತಂದಳು. ಹುಡುಗಿಯರ ಟಾಯ್ಲೆಟ್ಟಿನ ನಾಲ್ಕು ಬಾಗಿಲುಗಳಲ್ಲಿ ಒಂದಕ್ಕೂ ಚಿಲಕ ಇಲ್ಲ. ಹದಿನಾಲ್ಕು ತಿಂಗಳಾಯಿತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದುಕೊಂಡು ನಿಲ್ಲಬೇಕು. ಸ್ನೇಹಿತೆಯರಿಲ್ಲದ ಆರನೇ ಕ್ಲಾಸಿನ ಇಬ್ಬರು ಪುಟ್ಟ ಹುಡುಗಿಯರು ಬೆಳಿಗ್ಗೆಯಿಂದ ಸಂಜೆವರೆಗೂ ನೀರೇ ಕುಡಿಯುವುದಿಲ್ಲ. ಇದನ್ನು ಹೇಳುವಾಗ ಅವಳ ದನಿ ಏರಲಿಲ್ಲ. ನಾನು ವಾರಕ್ಕೆ ಎರಡು ಸಲ ಆ ಶಾಲೆಗೆ ಹೋಗುತ್ತಿದ್ದೆ, ಒಂದು ದಿನವೂ ಕೇಳಿರಲಿಲ್ಲ.

ಇಬ್ಬರೂ ಹೆಡ್ ಮಿಸ್ ಕೊಠಡಿಗೆ ಹೋದೆವು. ಅವರು ಓದಿ ಹಾಳೆಯನ್ನು ಮಗುಚಿಟ್ಟರು.

“ಕಮಿಟಿಗೆ ಮೂರು ಸಲ ಬರೆದಿದ್ದೀನಿ ಮೇಡಂ. ಮುಂದಿನ ಮೀಟಿಂಗ್‌ನಲ್ಲಿ ನೋಡೋಣ ಅಂತಾರೆ. ಆದ್ರೆ ಪೇಪರ್‌ನಲ್ಲಿ ಮಾತ್ರ ಬೇಡ. ಹೀಗೆ ನೆಗೆಟಿವ್ ಬಂದ್ರೆ ಪೇಪರೇ ನಿಲ್ಲಿಸ್ಬೇಕಾಗುತ್ತೆ.” ಆಮೇಲೆ ಹುಡುಗಿಯ ಕಡೆ ತಿರುಗಿ, “ಏನೇ ಬರೆದ್ರೂ ಪಾಸಿಟಿವ್ ಆಗಿ ಬರಿಯಮ್ಮ” ಅಂದರು.

ಸಂಪಾದಕಿ ಸರಿ ಮಿಸ್ ಎಂದು ಎದ್ದುಬಂದಳು. ಎರಡು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಪತ್ರಿಕೆ ಬಿಟ್ಟೇಬಿಡುತ್ತಾಳೆ ಅಂದುಕೊಂಡೆ. ಗುರುವಾರ ಒಂದು ಹಾಳೆ ತಂದು ನನ್ನ ಮುಂದಿಟ್ಟಳು.

“ಗೆಳೆತನ ಬೆಳೆಸಿದ ನಮ್ಮ ಶೌಚಾಲಯ.

“ನಮ್ಮ ಶಾಲೆಯ ಹುಡುಗಿಯರಲ್ಲಿ ಸ್ನೇಹಭಾವ ಹೆಚ್ಚಾಗಿದೆ. ಶೌಚಾಲಯದ ಬಾಗಿಲುಗಳಿಗೆ ಚಿಲಕ ಇಲ್ಲದಿರುವುದೇ ಇದಕ್ಕೆ ಕಾರಣ. ಬಾಗಿಲು ಹಿಡಿಯಲು ಒಬ್ಬ ನಂಬಿಕಸ್ತ ಗೆಳತಿ ಬೇಕೇ ಬೇಕು. ಜಗಳವಾಡಿ ಎರಡು ವರ್ಷ ಮಾತು ಬಿಟ್ಟಿದ್ದ ಒಂಬತ್ತನೇ ಕ್ಲಾಸಿನ ಇಬ್ಬರು, ಮೂರನೇ ಪೀರಿಯಡ್ಡಿನ ನಂತರ ರಾಜಿಯಾದರು. ಗಾಳಿ ಜೋರಾಗಿರುವ ದಿನ ಇಬ್ಬಿಬ್ಬರು ಹಿಡಿಯುವುದರಿಂದ ಒಗ್ಗಟ್ಟೂ ಬೆಳೆದಿದೆ. ನೀರು ಕುಡಿಯುವುದನ್ನು ಬಿಟ್ಟಿರುವ ಕಿರಿಯ ವಿದ್ಯಾರ್ಥಿನಿಯರು ಸಂಯಮದ ಪಾಠ ಕಲಿತಿದ್ದಾರೆ. ಹದಿನಾಲ್ಕು ತಿಂಗಳಿಂದ ಈ ವ್ಯವಸ್ಥೆಯನ್ನು ಕಾಪಾಡಿಕೊಂಡು ಬಂದಿರುವ ಆಡಳಿತ ಮಂಡಳಿಗೆ ವಿದ್ಯಾರ್ಥಿನಿಯರು ಕೃತಜ್ಞರಾಗಿದ್ದಾರೆ.”

ನಾನು ಅದನ್ನು ಹೆಡ್ ಮಿಸ್‌ಗೆ ಕೊಟ್ಟೆ. ಅವರು ಕೆಂಪು ಪೆನ್ನು ಹಿಡಿದು, ಒಂದೊಂದೇ ಸಾಲಿನ ಕೆಳಗೆ ಪೆನ್ನು ಸರಿಸುತ್ತಾ ಕೊನೆವರೆಗೂ ಓದಿದರು. ಪೆನ್ನು ಎಲ್ಲೂ ನಿಲ್ಲಲಿಲ್ಲ.

“ಕೆಟ್ಟ ಮಾತು ಒಂದೂ ಇಲ್ಲ” ಅಂದರು.

“ಇಲ್ಲ” ಅಂದೆ.

“ಪಾಸಿಟಿವ್ ಆಗೇ ಇದೆ.” ಸಹಿ ಹಾಕಿದರು. ಅವರ ಮುಖವನ್ನೇ ನೋಡಿದೆ. ಅಲ್ಲಿ ಏನೂ ಕಾಣಲಿಲ್ಲ. ಕ್ಲೇಮ್ ಸೆಕ್ಷನ್ನಿಗೆ ಹೇಳಿಮಾಡಿಸಿದಂಥ ಮುಖ.

ಸೋಮವಾರ ಎಂಟೂವರೆಗೆ ಯಜಮಾನರು ಗೇಟಿನಲ್ಲಿದ್ದರು. ಜೊತೆಗೆ ಒಬ್ಬ ಬಡಗಿ.

“ಸ್ನೇಹ ಜಾಸ್ತಿ ಆಗ್ಬಿಟ್ಟಿದೆಯಂತೆ” ಅಂದರು ಹೆಡ್ ಮಿಸ್‌ಗೆ. “ನನ್ನ ಮೊಮ್ಮಗಳು ಊಟಕ್ಕೆ ಕೂತಾಗ ಜೋರಾಗಿ ಓದಿದ್ಳು. ಸೊಸೆ ಮುಂದೆ ತಲೆ ಎತ್ತೋಕಾಗ್ಲಿಲ್ಲ ಕಣಮ್ಮ.”

ಮಧ್ಯಾಹ್ನದ ಊಟದ ಬೆಲ್ ಹೊಡೆಯುವ ಹೊತ್ತಿಗೆ ನಾಲ್ಕು ಬಾಗಿಲಿಗೂ ಹಿತ್ತಾಳೆ ಚಿಲಕ. ಆರನೇ ಕ್ಲಾಸಿನ ಆ ಪುಟ್ಟ ಹುಡುಗಿಯರಿಬ್ಬರೂ ಕೊಳಾಯಿ ಹತ್ತಿರ ನಿಂತು ನೀರು ಕುಡಿದದ್ದನ್ನು ನಾನೇ ನೋಡಿದೆ. ಬಹಳ ಹೊತ್ತು ಕುಡಿದರು.

ಮುಂದಿನ ಸಂಚಿಕೆಯಲ್ಲಿ ಸುದ್ದಿ ಬಂತು: “ಚಿಲಕ ಬಂತು. ಗೆಳೆತನ ಸದ್ಯಕ್ಕೆ ಹಾಗೇ ಇದೆ.”

ಅದು ಬಂದ ದಿನ ಹೆಡ್ ಮಿಸ್ ನಮ್ಮಿಬ್ಬರನ್ನೂ ಕೊಠಡಿಗೆ ಕರೆಸಿದರು. ಬಾಗಿಲು ಹಾಕಿ ಎಂದರು. ಪತ್ರಿಕೆ ಮುಗಿಯಿತು ಅಂದುಕೊಂಡೆ. ಸಂಪಾದಕಿ ಕೈ ಕಟ್ಟಿಕೊಂಡು ನಿಂತಿದ್ದಳು. ಹೆಡ್ ಮಿಸ್ ಒಂದು ಬಿಳಿ ಹಾಳೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

“ಶಾಲೆಯಲ್ಲಿ ಇನ್ನೂ ಏನೇನನ್ನ ಹೊಗಳ್ಬೇಕು ಅಂತಿದ್ದೀಯಾ, ಈಗ್ಲೇ ಹೇಳ್ಬಿಡು. ರಿಪೇರಿ ಮಾಡಿಸ್ಬಿಡ್ತೀನಿ.”

ಸಂಪಾದಕಿ ಆ ಹಾಳೆಯನ್ನು ನೋಡಿದಳು.

“ಒಂದು ಹಾಳೆ ಸಾಲಲ್ಲ ಮಿಸ್” ಅಂದಳು.