ಕುರಿಗೆ ತಲೆ ಬಾಚುವ ನಮ್ಮತ್ತೆ

ತೋಟದ ಹಬ್ಬದ ಬೆಳಿಗ್ಗೆ ಹಾಲು ಕರೆದೆ, ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟೆ, ರೇಷ್ಮೆ ಹುಳುಗಳಿಗೆ ಸೊಪ್ಪು ಕೊಟ್ಟೆ, ಬರುವವರಿಗೆಂದು ಅವರೆಕಾಯಿ ಸುಲಿದೆ, ತೋಟದ ದಾರಿ ಗುಡಿಸಿದೆ. ಅಷ್ಟು ಹೊತ್ತೂ ನಮ್ಮ ಯಜಮಾನರ ಸೋದರತ್ತೆ ಮಾಡಿದ್ದು ಒಂದೇ ಕೆಲಸ: ಕುರಿಗಳಿಗೆ ತಲೆ ಬಾಚಿದ್ದು!

ನಮ್ಮತ್ತೆಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ. ತಾವೇ ನೂತು ಹೆಣೆದುಕೊಟ್ಟ ಸ್ವೆಟರ್‌ಗಳಲ್ಲಿ ಯಾರದು ಯಾವ ಕುರಿಯದೆಂಬುದು ಮಾತ್ರ ಮರೆಯುವುದಿಲ್ಲ. ನೆಂಟರ ಮುಂದೆ ನನ್ನನ್ನು "ಇವ್ಳು ಬೊಟ್ಟಮ್ಮನ ಉಣ್ಣೆಯೋಳು" ಎಂದು ಪರಿಚಯಿಸುತ್ತಾರೆ. ಬೊಟ್ಟಮ್ಮ ನನ್ನ ತಾಯಿಯಲ್ಲ, ಒಂದು ಕುರಿ ಎಂದು ಎಷ್ಟು ಜನಕ್ಕೆ ಬಿಡಿಸಿ ಹೇಳಲಿ? ಆ ಸ್ವೆಟರ್ ಹಾಕಿಕೊಂಡರೆ ಚಳಿ ಹತ್ತಿರ ಸುಳಿಯುವುದಿಲ್ಲ, ನಿಜ. ಕೆರೆದುಕೊಂಡೇ ಮೈ ಬಿಸಿಯಾಗುತ್ತದಲ್ಲ!

ಒಮ್ಮೆ ಮುರುಗಮಲ್ಲದ ಬಸ್ಸಿನಲ್ಲಿ ಅತ್ತೆ ಕಂಡಕ್ಟರನ ಮಫ್ಲರಿಗೇ ಕೈ ಹಾಕಿದರು.

"ಅಜ್ಜಿ, ಟಿಕೆಟ್ ತಗೊಳ್ಳಿ ಅಂದ್ರೆ ಮಫ್ಲರ್ ಎಳೀತೀರಲ್ಲ!"

"ಹೆಣಿಗೆ ಬಿಟ್ಟೋಗಿದೆ ಕಣಪ್ಪ. ಕೊಡು, ಇಳಿಯೋಷ್ಟರಲ್ಲಿ ಸರಿ ಮಾಡ್ಕೊಡ್ತೀನಿ."

ಹೆಣಿಗೆ ಸರಿಹೋಯಿತು. ನಾವು ಇಳಿಯಬೇಕಾದ ಊರು ಮಾತ್ರ ಎಂದೋ ಹಿಂದೆ ಹೋಗಿತ್ತು!

ಈ ಸಲದ ತೋಟದ ಹಬ್ಬಕ್ಕೆ ಮೊದಲು ಯಜಮಾನರು ಕಡ್ಡಿ ಮುರಿದಂತೆ ಹೇಳಿದ್ದರು: "ಅತ್ತೆ, ನೀವು ನೂಲೋದನ್ನ ಜನ ನಿಂತು ನೋಡಿದ್ರೆ ಕುರಿ ಇಟ್ಕೊಳ್ಳಣ. ಇಲ್ದಿದ್ರೆ ಚಿಂತಾಮಣಿ ಸಂತೆಗೆ ಹೊಡ್ಕೊಂಡ್ ಹೋಗಣ. ಈ ಕಾಲದಲ್ಲಿ ಉಣ್ಣೆ ಯಾರಿಗೆ ಬೇಕು?"

"ಆಗ್ಲಿ ಕಣಪ್ಪ," ಎಂದರು ಅತ್ತೆ. ಅಂದಿನಿಂದ ಗೋಡೆಗೆ ಕೈ ಮುಗಿದು "ನಮಸ್ಕಾರ, ಇದು ನೂಲೋ ಕದಿರು" ಎಂದು ಅಭ್ಯಾಸ ಮಾಡತೊಡಗಿದರು. ಮೇಲೂರಿನ ಹತ್ತಿರದ ನಮ್ಮ ತೋಟದಲ್ಲಿ ವರ್ಷಕ್ಕೊಂದು ದಿನ ದಾಯಾದಿಗಳೆಲ್ಲ ಸೇರಿ, ನೆಂಟರನ್ನೂ ಪೇಟೆಯ ಪರಿಚಯದವರನ್ನೂ ಮಕ್ಕಳ ಸಮೇತ ಕರೆದು, ಅವರವರ ಕೆಲಸ ತೋರಿಸುವುದೇ ಈ ಹಬ್ಬ.

ಅತ್ತೆ ಉಣ್ಣೆಯನ್ನು ಒಗೆದು, ಹಿಂಜಿ, ಹೂವಿನಂತೆ ಮಾಡಿಟ್ಟಿದ್ದರು. ನಮ್ಮ ಯಜಮಾನರೋ ಹುಟ್ಟಿದಾಗಿನಿಂದ ರೇಷ್ಮೆಯಲ್ಲೇ ಬೆಳೆದವರು. ಕುದಿಯುವ ನೀರಿಗೆ ಬೀಳದೆ ಗೂಡು ಎಳೆ ಬಿಡುವುದುಂಟೆ? ಹಬ್ಬದ ದಿನ ಅವರು ಆ ಉಣ್ಣೆಗೆ ಮಾಡಿದ್ದೂ ಅದನ್ನೇ!

"ಎಳೆ ಸಲೀಸಾಗಿ ಬರ್ಲಿ ಅಂತ ಕುದಿಸ್ದೆ ಅತ್ತೆ. ಕೋಲು ಹಾಕಿ ಚೆನ್ನಾಗಿ ತಿರುವ್ದೆ ಕೂಡ."

ಉಣ್ಣೆಯೆಲ್ಲ ಒಂದಕ್ಕೊಂದು ಮೆತ್ತಿಕೊಂಡು, ಬಾಣಲೆಯಿಂದ ಮೇಲೆದ್ದದ್ದು ಒಂದು ಕಾಲೊರೆಸು!

"ಲೋ, ಇದು ಕುರಿ ಕಣೋ, ಹುಳ ಅಲ್ಲ!" ಅತ್ತೆ ನಕ್ಕರು. ಎಷ್ಟು ಎಳೆದು ನೋಡಿದರೂ ಒಂದೆಳೆಯೂ ಬಿಡಲಿಲ್ಲ. ಗೇಟಿನಲ್ಲಿ ಆಗಲೇ ಕಾರುಗಳು ನಿಂತಿದ್ದವು.

ಅತ್ತೆ ಸೆರಗು ಸಿಕ್ಕಿಸಿ, ಬೊಟ್ಟಮ್ಮನನ್ನು ಹೊಂಗೆಮರದ ಕೆಳಗೆ ಎಳೆತಂದು ಕತ್ತರಿ ಹಿಡಿದರು. "ಬನ್ರಪ್ಪಾ, ಕಾಲಿಗೊಬ್ಬರು ಹಿಡ್ಕೊಳ್ರಿ!" ದ್ರಾಕ್ಷಿ ನೋಡಲು ಹೊರಟಿದ್ದ ಮಕ್ಕಳೆಲ್ಲ ಹಿಂದಕ್ಕೆ ಓಡಿಬಂದವು. ಕತ್ತರಿಸಿದ ಹಸಿ ಉಣ್ಣೆಯನ್ನು ಬೆರಳಲ್ಲೇ ಬಿಡಿಸಿ, ತೊಡೆಗೆ ಕದಿರು ಉಜ್ಜಿ ಬಿಟ್ಟರೆ ನೂಲು ತಾನಾಗಿ ಇಳಿಯಿತು. ಅದೇ ನೂಲಿನಲ್ಲಿ ಹೆಣಿಗೆ ಕಡ್ಡಿ ಹಿಡಿದು ಟೋಪಿ ಶುರು.

"ಅಜ್ಜಿ, ಕುರಿ ಒಳಗೆ ಸ್ವೆಟರ್ ಮೊದ್ಲೇ ಇತ್ತಾ?" ಪುಟ್ಟ ಹುಡುಗಿಯೊಬ್ಬಳು ಕೇಳಿದಳು.

"ಇತ್ತು ಕಣಮ್ಮ. ಗುಂಡಿ ಮಾತ್ರ ನಾವು ಹಾಕ್ಬೇಕು."

ಯಜಮಾನರಿಗೂ ಕೆಲಸ ಸಿಕ್ಕಿತು. ಅವರೇ ಬೇಯಿಸಿದ ಕಾಲೊರೆಸಿನ ಮೇಲೆ ಕೂರಿಸಿ, ಚಾಚಿದ ಎರಡೂ ಕೈಗೆ ಅತ್ತೆ ನೂಲಿನ ಲಡಿ ಹಾಕಿದರು. ಮೂಗು ಕೆರೆಯುವುದಕ್ಕೂ ನನ್ನನ್ನೇ ಕೂಗಬೇಕಾಯಿತು! ಊಟಕ್ಕೆ ಕರೆದರೂ ಮಕ್ಕಳು ಕದಲಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಯಜಮಾನರನ್ನು ಮೆಲ್ಲಗೆ ಕೇಳಿದೆ, "ಸಂತೆಗೆ ಯಾವಾಗ?"

"ಯಾವ ಸಂತೆ?" ಎಂದವರೇ ಕುರಿಗಳಿಗೆ ಹುಲ್ಲು ತರಲು ಹೋದರು.

ರಾತ್ರಿಗೆ ಮುದ್ದೆ, ಅವರೆಕಾಳಿನ ಸಾರು. ಅತ್ತೆ ಮುದ್ದೆ ಮುರಿಯುತ್ತಾ ಹೇಳಿದರು: "ಉಣ್ಣೆ ಹಾಳ್ಮಾಡ್ದ ಅಂತ ಬೈಕೊಂಡೆ ಕಣೋ. ಆದ್ರೆ ನನಗೋಸ್ಕರ ಬೆಳಕು ಹರಿಯೋಕ್ ಮುಂಚೆನೇ ಎದ್ದು ಒಲೆ ಹಚ್ಚಿದ್ಯಲ್ಲ." ಯಜಮಾನರು ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಮೊದಲು ನಿದ್ದೆ ಹೋದವರು ಅತ್ತೆ. ಗೋಡೆಗೆ ಒರಗಿದಂತೆಯೇ, ಕದಿರು ಮುಷ್ಟಿಯಲ್ಲಿ. ಯಜಮಾನರು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎಳೆ ಹರಿಯದಂತೆ ಕದಿರನ್ನು ತೆಗೆದುಕೊಂಡರು. ನಾನು ಪಾತ್ರೆ ತೊಳೆದು ಬರುವವರೆಗೂ ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಕೈಯಲ್ಲೇ ಹಿಡಿದು ಕೂತಿದ್ದರು.