ಅಕ್ಕಸಾಲಿಯ ಹುಲ್ಲುಮೆದೆ

ಒಂದು ಕೆಲಸ ಚೆನ್ನಾಗಿ ಬರುವವನಿಗೆ ಉಳಿದ ಕೆಲಸಗಳೆಲ್ಲ ಸುಲಭ ಎಂಬ ಭ್ರಮೆ ಹುಟ್ಟುವುದು ಯಾವಾಗ ಎಂದು ನಾನು ಬಹಳ ಯೋಚಿಸಿದ್ದೇನೆ. ನನ್ನ ಅನುಭವದಲ್ಲಿ ಅದು ಹುಟ್ಟುವುದು ಬರುತ್ತಿದ್ದ ಆ ಒಂದು ಕೆಲಸವೂ ಕೈತಪ್ಪಿ ಹೋದಾಗ. ಕೈತುಂಬ ಕೆಲಸವಿದ್ದ ಕಾಲದಲ್ಲಿ ನಾನು ಬಲು ವಿನಯದ ಮನುಷ್ಯ. ಅಕ್ಕಿಹೆಬ್ಬಾಳಿನ ಸುತ್ತ ಏಳೆಂಟು ಹಳ್ಳಿಗಳಿಗೆ ನಾನೊಬ್ಬನೇ ಅಕ್ಕಸಾಲಿ. ಕೆಂಡದ ಕುಂಪಟೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದರೆ ಊರಿನ ಬೇರೆ ಯಾವ ವಿದ್ಯೆಯ ಮೇಲೂ ನನಗೆ ಅಭಿಪ್ರಾಯವೇ ಇರುತ್ತಿರಲಿಲ್ಲ. ಬಾಯಿ ಬಿಡುವಾಗಿದ್ದರೆ ತಾನೆ. ಆಮೇಲೆ ಪಟ್ಟಣದ ಮೇಲೆ ದಂಡು ಬರುತ್ತದಂತೆ, ಬಂತಂತೆ, ಹಿರೋಡೆಯ ಹತ್ತಿರ ಬೀಡುಬಿಟ್ಟಿದೆಯಂತೆ, ಹೋಯಿತಂತೆ, ಮತ್ತೆ ಬರುತ್ತದಂತೆ ಎಂಬ ಸುದ್ದಿಗಳು ಶುರುವಾದವು. ಜನ ಚಿನ್ನ ಮಾಡಿಸುವುದನ್ನು ಬಿಟ್ಟು ಚಿನ್ನ ಹೂಳುವುದಕ್ಕೆ ಹೊರಟರು. ಹೂಳುವುದಕ್ಕೆ ಅಕ್ಕಸಾಲಿ ಬೇಡ, ಗುದ್ದಲಿ ಸಾಕು. ಹೀಗೆ ನನ್ನ ಬಾಯಿಗೂ ಕೈಗೂ ಒಟ್ಟಿಗೇ ಬಿಡುವು ಸಿಕ್ಕಿತು.

ಉಳಿದದ್ದು ನನ್ನ ಹೆಂಡತಿ ಕಾಳಮ್ಮನಿಗೆ ತವರಿನಿಂದ ಬಂದಿದ್ದ ಒಂದು ತುಂಡು ರಾಗಿ ಹೊಲ. ಅದನ್ನು ಉಳುವುದಕ್ಕೆಂದು ನಾಗಮಂಗಲದ ನನ್ನ ಬಾಮೈದ ನಂಜಾಚಾರಿ ತನ್ನ ಕೊಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಒಂದು ಜೊತೆ ಎತ್ತನ್ನು ಹೊಡೆದುಕೊಂಡು ಬಂದು ಅಕ್ಕನ ಮನೆಯಲ್ಲಿ ಕಟ್ಟಿಹೋದ. ಒಂದರ ಹೆಸರು ಮಲ್ಲ, ಇನ್ನೊಂದರದ್ದು ಸಿಂಗ. ಅವುಗಳ ತಾಯಿಯ ಹಾಲು ಕರೆದು ಬೆಳೆದವಳು ಕಾಳಮ್ಮ. ಅವು ಅಂಗಳಕ್ಕೆ ಬಂದ ದಿನ ಅವಳು ನನಗಿಂತ ಮೊದಲು ಅವಕ್ಕೆ ಉಣ್ಣಲಿಟ್ಟಳು. ಆ ಕ್ರಮ ಇವತ್ತಿಗೂ ಬದಲಾಗಿಲ್ಲ. ನಂಜಾಚಾರಿ ಕಂಚು ಎರೆಯುವವನು, ಜೊತೆಗೆ ಬೇಸಾಯವನ್ನೂ ಮಾಡುತ್ತಾನೆ. ಎರಡೂ ಅವನಿಗೆ ಚೆನ್ನಾಗಿ ಬರುತ್ತವೆ. ಅವನ ಮೇಲೆ ನನಗಿದ್ದ ಸಿಟ್ಟಿಗೆ ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಮೊದಲನೆಯ ವರ್ಷ ಬೇಸಾಯಗಾರನಾಗಿ ನಾನು ಎಷ್ಟು ಚೆನ್ನಾಗಿ ನಡೆದುಕೊಂಡೆನೆಂದರೆ, ಯುಗಾದಿಯ ಹೊತ್ತಿಗೆ ಕೊಟ್ಟಿಗೆಯಲ್ಲಿ ಒಂದು ಹಿಡಿ ಹುಲ್ಲಿರಲಿಲ್ಲ. ಒಂದು ಬೆಳಗ್ಗೆ ಕುಂಪಟೆಯ ಮುಂದೆ ಸುಮ್ಮನೆ ಕೂತಿದ್ದೆ. ಮೈಮೇಲೆ ಬಿಸಿಲು ಬಿತ್ತು. ತಲೆಯೆತ್ತಿದರೆ ಸೂರಿನಲ್ಲಿ ಆಕಾಶ, ಆಕಾಶದ ಅಂಚಿನಲ್ಲಿ ಮಲ್ಲನ ಮುಖ. ಹಗ್ಗ ಬಿಚ್ಚಿಕೊಂಡು ಬಂದು, ಹಿತ್ತಲ ದಿಬ್ಬ ಹತ್ತಿ ನಿಂತು, ನೆಮ್ಮದಿಯಾಗಿ ಮನೆಗೆ ಹೊದಿಸಿದ್ದ ಹುಲ್ಲನ್ನು ಎಳೆದೆಳೆದು ಮೇಯುತ್ತಿದೆ. ನನ್ನ ಗ್ರಹಚಾರಕ್ಕೆ ನಂಜಾಚಾರಿ ಬಂದು ಇಳಿದದ್ದೂ ಅದೇ ಬೆಳಗ್ಗೆ. ಅವನು ಎತ್ತಿನ ಪಕ್ಕೆಲುಬುಗಳನ್ನು ಬೆರಳಲ್ಲಿ ಮುಟ್ಟಿ ನೋಡಿದ.

“ಬಾವ, ಮೇವು ಸಾಲ್ದೆ ನಿಮ್ ಮನೇನೇ ಮೇಯ್ತಾವಲ್ಲ ಇವು,” ಅಂದ. “ಈ ಸಲ ಬುಟ್ಟಿವ್ನಿ. ಬರೋ ಶಿವರಾತ್ರಿಗೆ ಬತ್ತೀನಿ. ಮುಂಗಾರ್ಗಂಟ ಆಗೋವಷ್ಟು ಒಳ್ಳೆ ಉಲ್ಲು ಮೆದೇಲಿದ್ರೆ ಸರಿ. ಇಲ್ದಿದ್ರೆ ಎತ್ತು ಒಡ್ಕೊಂಡೋಯ್ತೀನಿ. ಅಕ್ಕ ಅತ್ರೂ ಕೇಳಕಿಲ್ಲ.”

ಅಕ್ಕ ಅಳಲಿಲ್ಲ. ಹೋಗಿ ಮಲ್ಲನನ್ನು ಹಿಡಿದು ತಂದು ಮತ್ತೆ ಗೂಟಕ್ಕೆ ಕಟ್ಟಿದಳು. ಎತ್ತು ಹೋದರೆ ಉಳುಮೆಯಿಲ್ಲ, ಉಳುಮೆಯಿಲ್ಲದಿದ್ದರೆ ರಾಗಿಯಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ಮಲ್ಲ, ಸಿಂಗ ಇಲ್ಲದ ಅಂಗಳದಲ್ಲಿ ಕಾಳಮ್ಮ ಹೇಗೆ ಓಡಾಡುತ್ತಾಳೆ ಎಂದು ನೆನೆಸಿಕೊಂಡರೆ ರಾಗಿಯ ಚಿಂತೆ ಎರಡನೆಯದಾಗುತ್ತಿತ್ತು. ಏನಾದರೂ ಆಗಲಿ, ಶಿವರಾತ್ರಿಗೆ ಆ ಬಾಮೈದನ ಮುಂದೆ ಅವನ ಬಾಯಿ ಕಟ್ಟುವಂಥ ಒಂದು ಮೆದೆ ನಿಲ್ಲಿಸಿಯೇ ತೀರುತ್ತೇನೆ ಎಂದು ತೀರ್ಮಾನಿಸಿಬಿಟ್ಟೆ.

ಎರಡನೆಯ ವರ್ಷ ಮಳೆ ಕೈಕೊಡಲಿಲ್ಲ, ರಾಗಿ ಬಂತು, ಹುಲ್ಲೂ ಬಂತು. ಸಂಕ್ರಾಂತಿ ಕಳೆದು ಒಕ್ಕಣೆ ಮುಗಿಯಿತು. ಕಣದ ಸುತ್ತ ಹುಲ್ಲು ಕಂತೆ ಕಟ್ಟಿ ಬಿದ್ದಿತ್ತು. ಅದನ್ನು ಮೆದೆ ಒಟ್ಟುವುದಷ್ಟೇ ಬಾಕಿ. ನಮ್ಮ ಕಡೆ ಈ ಕೆಲಸವನ್ನು ಮುಯ್ಯಾಳಿನ ಮೇಲೆ ಮಾಡುತ್ತಾರೆ: ಇವತ್ತು ನೀವು ನಮ್ಮ ಕಣಕ್ಕೆ ಬನ್ನಿ, ನಾಳೆ ನಾವು ನಿಮ್ಮ ಕಣಕ್ಕೆ. ಪಕ್ಕದ ಹೊಲದ ಜವರೇಗೌಡ ಎಂಬ ಹಿರಿಯರು ಮೂರು ಜನರನ್ನು ಕರೆದುಕೊಂಡು ತಾವಾಗಿಯೇ ಬಂದರು. ಊರಿನ ಅರ್ಧ ಮೆದೆಗಳನ್ನು ತುಳಿದು ಒಟ್ಟಿದ್ದು ಅವರದೇ ಕಾಲು.

“ನೀವು ಬ್ಯಾಡ ಗೌಡ್ರೇ, ನಾನೇ ಒಟ್ಟುತ್ತೇನೆ” ಎಂದೆ.

ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಆಚಾರ್ರೇ, ಇದು ಕಣ್ಣಿನ ಕೆಲ್ಸ ಅಲ್ಲ, ಕಾಲಿನ ಕೆಲ್ಸ. ನಡುಮಧ್ಯ ನಿಂತ್ಕಂಡು ತುಳೀತಾ ತುಳೀತಾ ಮ್ಯಾಕ್ಕೋಗ್ಬೇಕು. ಒಳ್ಗೆ ಏನೈತೆ ಅಂತ ಕಾಲಿಗೆ ಗೊತ್ತಾಯ್ತದೆ.”

“ಗುಲಗಂಜಿ ತೂಕದ ಬಂಗಾರದಲ್ಲಿ ಹೂವರಳಿಸಿದ ಕೈ ಇದು. ಹುಲ್ಲು ಜೋಡಿಸಲು ಬರುವುದಿಲ್ಲವೇ?” ಎಂದೆ. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಗೌಡರು ಎಲೆಯಡಿಕೆ ಹಾಕಿಕೊಂಡು ಹೊರಟರು. ಅವರು ಜಗಳವಾಡಿದ್ದರೆ ಎಷ್ಟೋ ಒಳ್ಳೆಯದಿತ್ತು.

ಮೆದೆಯ ಅಡಿಗೆ ಗೆದ್ದಲು ಹತ್ತದಂತೆ ಕಲ್ಲು ಹಾಸಿದೆ, ಮೇಲೆ ತಂಗಡಿ ಸೊಪ್ಪು ಹರಡಿದೆ. ಅಲ್ಲಿಯವರೆಗೆ ತಪ್ಪಿಲ್ಲ. ತಪ್ಪು ಶುರುವಾದದ್ದು ಕಣದ ಕಸದಿಂದ. ಇಲ್ಲಿ ನಮ್ಮ ಕುಲದ ಒಂದು ಚಾಳಿಯನ್ನು ಹೇಳಲೇಬೇಕು. ಅಕ್ಕಸಾಲಿಯ ಮನೆಯಲ್ಲಿ ಕಸ ಎಂಬುದೇ ಇಲ್ಲ. ಅರದಿಂದ ಉದುರಿದ ಚಿನ್ನದ ಹುಡಿ ನೆಲದ ಧೂಳಿನಲ್ಲಿ ಸೇರಿರುತ್ತದೆ. ಅದು ಹಾರದಿರಲಿ ಎಂದು ಮೊದಲು ನೀರು ಚಿಮುಕಿಸಿ, ಆಮೇಲೆ ಮೆಲ್ಲಗೆ ಗುಡಿಸಿ, ಮಡಕೆಯಲ್ಲಿ ಕೂಡಿಡುತ್ತೇವೆ. ವರ್ಷಕ್ಕೊಮ್ಮೆ ಜಾಲಗಾರರು ಬಂದು ಆ ಕಸವನ್ನು ತೊಳೆದು ಚಿನ್ನ ತೆಗೆಯುತ್ತಾರೆ. ನಾನು ನಡೆಯಲು ಕಲಿಯುವ ಮೊದಲೇ ಕಸ ಚೆಲ್ಲಬಾರದೆಂದು ಕಲಿತವನು. ಅಂಥವನ ಮುಂದೆ ಒಕ್ಕಣೆ ಮುಗಿದ ಕಣ, ಕಣದ ತುಂಬ ಹೊಟ್ಟು, ತರಗು, ಮುರಿದ ಹುಲ್ಲಿನ ಚೂರು. ಹೋದ ವರ್ಷ ಸೂರು ಮೇಯ್ದ ಎತ್ತಿನ ಮೇವು ಇದು. ಇದನ್ನು ಗಾಳಿಗೆ ಬಿಡುವುದು ಹೇಗೆ?

ನೀರು ಚಿಮುಕಿಸಿದೆ. ಧಾರಾಳವಾಗಿಯೇ ಚಿಮುಕಿಸಿದೆ. ಮೂರು ದಿನ ಎತ್ತುಗಳು ಸುತ್ತು ಹೊಡೆದ ಕಣ ಅದು. ಅವು ಅಲ್ಲಿ ಏನೇನು ಬಿಟ್ಟಿದ್ದವೋ ಅದೂ ಸೇರಿ ಕಸ ಹದವಾಗಿ ನೆನೆಯಿತು. ಒಂದು ಎಳೆಯನ್ನೂ ಬಿಡದೆ ಗುಡಿಸಿ, ಕುಕ್ಕೆಗಟ್ಟಲೆ ಹೊತ್ತು ತಂದು ಮೆದೆಯ ನಟ್ಟನಡುವೆ ತುಂಬಿದೆ. ಬೆಲೆಬಾಳುವುದನ್ನು ಒಳಗಿಡುವುದು ನಮ್ಮ ವೃತ್ತಿಧರ್ಮ. ಇನ್ನು ತುಳಿಯುವ ಮಾತು ಬಂದರೆ, ಮಾಡಿದ ಕೆಲಸದ ಮೇಲೆ ಕಾಲಿಡುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಹೊರಮೈಯ ಕಂತೆಗಳನ್ನು ಮಾತ್ರ ಒಂದೊಂದಾಗಿ ಕೈಯಿಂದ ಸವರಿ ಸವರಿ ಕೂರಿಸಿದೆ. ನಾಲ್ಕು ದಿನ ಹಿಡಿಯಿತು. ಗೌಡರಾಗಿದ್ದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಅಂಥ ಚೆಲುವಾದ ಮೆದೆ ಹೇಮಾವತಿಯ ಈ ದಡದಲ್ಲೂ ಇರಲಿಲ್ಲ, ಆ ದಡದಲ್ಲೂ ಇರಲಿಲ್ಲ. ಮೇಲುಕೋಟೆಗೆ ಹೊರಟಿದ್ದ ಯಾತ್ರೆಯವರು ನಿಂತು ನೋಡಿ ಹೋದರು. ದಾರಿ ಕೇಳಲು ನಿಂತರೆಂದು ಕಾಳಮ್ಮ ಹೇಳುತ್ತಾಳೆ.

ಹದಿನೈದು ದಿನ ಕಳೆದಿರಬಹುದು. ಬೆಳಗಿನ ಚಳಿಯಲ್ಲಿ ಮೆದೆಯ ನೆತ್ತಿಯಿಂದ ತೆಳುವಾಗಿ ಹೊಗೆಯಂಥದ್ದು ಏಳುವುದು ಕಂಡಿತು. ಮಂಜು ಅಂದುಕೊಂಡೆ. ಬೇರೆಯವರ ಮೆದೆಗಳ ಮೇಲೆ ಅದು ಏಕಿಲ್ಲ ಎಂಬ ಪ್ರಶ್ನೆಗೆ, ನನ್ನ ಮೆದೆ ಎಲ್ಲಕ್ಕಿಂತ ಎತ್ತರ ಎಂದು ನಾನೇ ಉತ್ತರವನ್ನೂ ಹೇಳಿಕೊಂಡೆ. ಮೂರನೆಯ ದಿನ ನೆತ್ತಿ ಒಂದು ಮೊಳ ಕುಸಿದು ಬಟ್ಟಲಾಯಿತು. ಕಾಳಮ್ಮ ಹೋಗಿ ಮೊಳಕೈವರೆಗೆ ಕೈ ತೂರಿಸಿದವಳು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು.

“ಬನ್ನಿ ಇಲ್ಲಿ, ಮುಟ್ಟಿ ನೋಡಿ,” ಅಂದಳು. “ನಿಮ್ ಕುಂಪಟೆ ಆರೋಯ್ತು ಅಂತ ಕೊರಗ್ತಿದ್ರಲ್ಲ, ಇಲ್ಲಿ ಅತ್ತಿಸಿಟ್ಟಿದ್ದೀರಿ.”

ಮುಟ್ಟಿದೆ. ಬೆಂಕಿಯ ಜೊತೆ ಬಾಳಿದವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಶಿವರಾತ್ರಿಗೆ ಎಂಟೇ ದಿನ. ನೇರವಾಗಿ ಜವರೇಗೌಡರ ಜಗಲಿಗೆ ಹೋಗಿ ನಿಂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅದನ್ನು ಹೇಳುವ ಮೊದಲೇ ಗೌಡರು ನನ್ನ ಮುಖ ನೋಡಿ ಎದ್ದು ಬಂದರು. ಮೆದೆಯ ಒಳಗಿನಿಂದ ಒಂದು ಹಿಡಿ ಕಿತ್ತು ಮೂಸಿದರು.

“ಏನ್ ತುಂಬಿದ್ದೀರಿ ಒಳ್ಗೆ?”

“ಕಣದ ಕಸ.”

“ಒಣಗಿತ್ತಾ?”

“ನೀರು ಚಿಮುಕಿಸಿ ಗುಡಿಸಿದೆ.”

ಗೌಡರು ಕೈಯಲ್ಲಿದ್ದ ಹುಲ್ಲನ್ನು ನೆಲಕ್ಕೆ ಕೊಡವಿದರು. ನಗುತ್ತಾರೆ ಎಂದು ಕಾದೆ, ನಗಲಿಲ್ಲ. “ನಮ್ಮಟ್ಟೀಲಿ ಯಾವ ದಡ್ಡನೂ ಇಂಗ್ ಮಾಡ್ತಿರಲಿಲ್ಲ ಬುಡಿ ಆಚಾರ್ರೇ,” ಅಂದರು, “ಇದ್ಕೆ ಬುದ್ಧಿವಂತ್ರೇ ಬೇಕು. ನೆಂದ ಕಸ ಒಳ್ಗೊಳ್ಗೇ ಕಾಯ್ತದೆ. ಈಗ್ಲೇ ಕೆಡಗಿ. ಇಲ್ದಿದ್ರೆ ಒಂದಿನ ಅತ್ಕಂಡು ಉರೀತದೆ.”

ಕೆಡವಿದೆವು. ನನ್ನ ನಾಲ್ಕು ದಿನದ ಚೆಲುವು ಅರ್ಧ ದಿನಕ್ಕೆ ನೆಲಕ್ಕೆ ಬಂತು. ನಡುವಿನ ಹುಲ್ಲು ಕಪ್ಪಾಗಿ, ಜಿಗುಟಾಗಿ, ಉಸಿರಾಡುವ ಪ್ರಾಣಿಯ ಹಾಗೆ ಹಬೆ ಬಿಡುತ್ತಿತ್ತು. ಅದನ್ನು ತಿಪ್ಪೆಗೆ ಹೊತ್ತು ಹಾಕುವಾಗ ನನಗೆ ನಿಜಕ್ಕೂ ಅಳು ಬಂತು. ಮೂರರಲ್ಲಿ ಒಂದು ಪಾಲು ಹೋಯಿತು. ಉಳಿದದ್ದನ್ನು ಬಿಚ್ಚಿ, ಕಣದಲ್ಲಿ ಹರಡಿ, ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಮಗುಚಿ ಹಾಕಿ ಒಣಗಿಸಿದೆವು. ಐದು ದಿನ ನಾನೂ ಕಾಳಮ್ಮನೂ ಬೇರೆ ಕೆಲಸ ಮುಟ್ಟಲಿಲ್ಲ. ರಾಗಿ ಹುಲ್ಲಿನ ಅಂಚಿಗೆ ಅಂಗೈ ಸೀಳಿತು, ಬೆರಳ ಸಂದು ಬಿರಿಯಿತು. ಕೊರತೆ ತುಂಬಲು ಹೊಳೆಯ ದಡದ ಒಣಹುಲ್ಲನ್ನು ಎರಡು ಹೊತ್ತು ಕುಯ್ದು, ಹೊರೆ ಕಟ್ಟಿ ತಂದೆ. “ಸಾಕು, ಒಂದ್ಗಳಿಗೆ ಕೂತ್ಕಳಿ” ಎಂದು ಕಾಳಮ್ಮ ಹೇಳಿದರೆ ನನಗೆ ಸಿಟ್ಟೇ ಬರುತ್ತಿತ್ತು. ಎತ್ತು ಹೋಗಕೂಡದು, ಅಷ್ಟೇ. ಒಟ್ಟುವ ದಿನ ಗೌಡರು ಕೆಳಗೆ ನಿಂತು, “ತುಳೀರಿ, ಇನ್ನೂ ತುಳೀರಿ, ನಡು ಎತ್ತರವಾಗ್ಲಿ, ನೀರು ಆಚೆಗೆ ಜಾರ್ಬೇಕು” ಎನ್ನುತ್ತಿದ್ದರು. ನಾನು ಮೇಲೆ ನಿಂತು ಸಂಜೆಯವರೆಗೆ ತುಳಿದೆ. ಮೆದೆ ಸೊಟ್ಟಗಿತ್ತು, ಕುಳ್ಳಗಿತ್ತು, ನೋಡಲು ಥೇಟ್ ಊರಿನ ಎಲ್ಲ ಮೆದೆಗಳ ಹಾಗೆಯೇ ಇತ್ತು.

ಶಿವರಾತ್ರಿಯ ಬೆಳಗ್ಗೆ ನಂಜಾಚಾರಿ ಬಂದ. ಮನೆಯೊಳಗೆ ಬರಲಿಲ್ಲ, ಕಾಲಿಗೆ ನೀರೂ ತೆಗೆದುಕೊಳ್ಳಲಿಲ್ಲ; ನೇರ ಮೆದೆಯ ಹತ್ತಿರ ಹೋದ. ದೇವರಿಗೆ ಬರುವಂತೆ ಒಂದು ಸುತ್ತು ಬಂದ. ತೋಳನ್ನು ಹೆಗಲವರೆಗೆ ಒಳಗೆ ತೂರಿಸಿ, ನಡುವಿನಿಂದ ಒಂದು ಹಿಡಿ ಎಳೆದು ತೆಗೆದು, ಅದನ್ನು ಮಲ್ಲನ ಮೂತಿಗೆ ಹಿಡಿದ. ಮಲ್ಲ ಮೂಸಿತು. ಮತ್ತೆ ಮೂಸಿತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿತು. ಆಣೆಯಿಟ್ಟು ಹೇಳುತ್ತೇನೆ, ನೋಡಿತು. ಕಾಳಮ್ಮ ಕಂಬ ಹಿಡಿದು ನಿಂತಿದ್ದಳು. ಮಲ್ಲ ನಾಲಿಗೆ ಚಾಚಿ ಹುಲ್ಲನ್ನು ಎಳೆದುಕೊಂಡಿತು, ಪಕ್ಕದಿಂದ ಸಿಂಗ ಕತ್ತು ನೀಡಿ ಪಾಲು ಕೇಳಿತು.

“ಇರ್ಲಿ ಬುಡಕ್ಕ,” ಅಂದ ನಂಜಾಚಾರಿ. “ಎತ್ತು ಇಲ್ಲೇ ಇರ್ಲಿ. ಮುಂಗಾರ್ಗಂಟ ಆಯ್ತದೆ.”

ಕಾಳಮ್ಮ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗಾದ ಸಂತೋಷ ಹೇಳತೀರದು. ಅವತ್ತು ಉಪವಾಸ ಎಂಬುದನ್ನೂ ಮರೆತು, ಊಟಕ್ಕೇಳಿ ಎಂದು ಬಾಮೈದನನ್ನು ಕರೆದುಬಿಟ್ಟೆ.

ಅವನು ನಕ್ಕು, ಜಗಲಿಯಲ್ಲಿ ಕೂತು, ಸೊಂಟದಿಂದ ಒಂದು ಸಣ್ಣ ಗಂಟು ತೆಗೆದ. “ಮಗಳ ಮದ್ವೆ ಗೊತ್ತಾಯ್ತು ಬಾವ. ಓಲೆ ಮಾಡಿಸ್ಬೇಕು ಅಂತ ಊತಿಟ್ಟಿದ್ದ ಚಿನ್ನ ತಗ್ದೆ” ಎಂದು ಬಿಚ್ಚಿದ. ಎರಡು ವರ್ಷದ ಮೇಲೆ ನನ್ನ ಕಣ್ಣಿಗೆ ಬಿದ್ದ ಮೊದಲ ಚಿನ್ನ. ನಾನು ಎರಡೂ ಕೈ ಚಾಚಿದೆ. ಅವನು ಚಿನ್ನವನ್ನು ಕೈಗೆ ಇಡಲಿಲ್ಲ; ಕೈಯನ್ನು ಹಿಡಿದುಕೊಂಡು ಬೆಳಕಿಗೆ ತಿರುಗಿಸಿದ. ಸೀಳಿದ ಅಂಗೈ, ಬಿರಿದ ಸಂದುಗಳು, ಕಪ್ಪು ಹಿಡಿದ ಉಗುರು. ಹೆಬ್ಬೆರಳಿಂದ ಒಂದು ಸಲ ಸವರಿ ನೋಡಿದ.

ಅವನು ಗಂಟನ್ನು ಮತ್ತೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡ. “ಬ್ಯಾಸರ ಮಾಡ್ಕಬ್ಯಾಡಿ ಬಾವ. ಇದು ಉಲ್ಲು ಇಡಿದಿರೋ ಕೈ. ಅತ್ತಿಕುಪ್ಪೇಲಿ ಒಬ್ರವ್ರೆ, ಅವ್ರತ್ರ ಮಾಡಿಸ್ಕತೀನಿ.”

ನ್ಯಾಯವಾಗಿ ನನಗೆ ಸಿಟ್ಟು ಬರಬೇಕಿತ್ತು. ಆದರೆ ಅಲ್ಲಿಯವರೆಗೆ ನನ್ನನ್ನು ಬೇಸಾಯಗಾರನೆಂದು ಈ ಸೀಮೆಯಲ್ಲಿ ಯಾರೂ ಒಪ್ಪಿರಲಿಲ್ಲ. ಒಪ್ಪಿದವನು ಇವನೊಬ್ಬನೇ, ಅದೂ ಕೈಗೆ ಬಂದ ಕಸುಬನ್ನು ಕಿತ್ತುಕೊಂಡು. ಅವನನ್ನು ಊರ ಬಾಗಿಲವರೆಗೆ ಕಳಿಸಿ ಬಂದೆ. ಎತ್ತುಗಳಿಗೆ ಹುಲ್ಲು ಹಾಕುವ ಹೊತ್ತಾಗಿತ್ತು, ಹಾಕಿದೆ.